ಕಾತ್ರಜ್‌ನಿಂದ ಸಿಂಹಗಡಕ್ಕೆ ಹಗಲು ನಡಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ದಸರಾ ಮುಗೀತು ಅಂದರೆ ನನ್ನ ಫೋನಿಗೆ ಒಂದೇ ತರಹದ ಮೆಸೇಜುಗಳು ಶುರುವಾಗುತ್ತವೆ. "ಅಣ್ಣಾ, ಈ ಸಲ ಕಾತ್ರಜ್–ಸಿಂಹಗಡ ಯಾವಾಗ?" ಹಿಂಜವಡಿಯ ಹುಡುಗರು ಕೇಳುತ್ತಾರೆ. ಹಡಪಸರದ ಸಂಸಾರಸ್ಥರು ಕೇಳುತ್ತಾರೆ. ಡೊಂಬಿವಲಿಯಿಂದ ಒಬ್ಬ ಕಾಕು ಪ್ರತಿ ವರ್ಷ ಕೇಳುತ್ತಾರೆ, ಪ್ರತಿ ವರ್ಷ ಬರುತ್ತಾರೆ ಕೂಡ. ನಾನು ಧಾರವಾಡದವನು. ಪುಣೆಗೆ ಬಂದ ಮೊದಲ ಚಳಿಗಾಲದಲ್ಲೇ ಈ ಗುಡ್ಡಸಾಲು ಹತ್ತಿದೆ. ಆಮೇಲೆ ಬಿಟ್ಟಿಲ್ಲ. ಹೊಸಬರು ಕೇಳುವ ಪ್ರಶ್ನೆಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಹೊರಡುವ ಮೊದಲು ಪೂರ್ತಿ ಓದಿ.

ಇದು ಎಲ್ಲಿಂದ ಎಲ್ಲಿಗೆ? ಎಷ್ಟು ದೂರ?

ಪುಣೆ–ಸಾತಾರಾ ಹಳೆ ರಸ್ತೆಯಲ್ಲಿ, ಕಾತ್ರಜ್ ಘಾಟಿನ ಮೇಲೆ ಒಂದು ಹಳೆ ಸುರಂಗ ಇದೆ. ಮರಾಠಿಯವರು 'ಜುನಾ ಬೋಗದಾ' ಅನ್ನುತ್ತಾರೆ. ಅದರ ಪಕ್ಕದಿಂದ ಗುಡ್ಡ ಹತ್ತಿದರೆ ವಾಘಜಾಯಿ ದೇವಿಯ ಗುಡಿ. ಅಲ್ಲಿಂದ ಗುಡ್ಡಸಾಲಿನ ಬೆನ್ನ ಮೇಲೇ ಪಶ್ಚಿಮಕ್ಕೆ ನಡೆಯುತ್ತಾ ಹೋದರೆ ಸಿಂಹಗಡ ಕೋಟೆಗೆ ಹತ್ತುವ ಡಾಂಬರಿನ ಘಾಟ್ ರಸ್ತೆ ಸಿಗುತ್ತದೆ. ಇದು ಸಹ್ಯಾದ್ರಿಯಿಂದ ಪೂರ್ವಕ್ಕೆ ಚಾಚಿದ ಭುಲೇಶ್ವರ ಸಾಲು. ದೂರ ಸುಮಾರು 16 ಕಿಲೋಮೀಟರ್.

ದೂರ ಕೇಳಿ "ಅಷ್ಟೇನಾ, ನಾನು ದಿನಾ ವಾಕಿಂಗ್ ಹೋಗ್ತೀನಿ" ಅನ್ನುವವರಿದ್ದಾರೆ. ಇಲ್ಲಿ ಲೆಕ್ಕ ಕಿಲೋಮೀಟರಿನದಲ್ಲ, ಗುಡ್ಡಗಳದು. ಒಂದು ಹತ್ತಬೇಕು, ಪೂರ್ತಿ ಇಳಿಯಬೇಕು, ಮತ್ತೆ ಹತ್ತಬೇಕು. ಕೆಲವರು 13 ಗುಡ್ಡ ಅನ್ನುತ್ತಾರೆ, ಕೆಲವರು 14. ನಡುವಿನ ಸಣ್ಣ ದಿಣ್ಣೆಗಳನ್ನು ಎಣಿಸುತ್ತೀರೋ ಬಿಡುತ್ತೀರೋ ಅನ್ನುವುದರ ಮೇಲೆ ಸಂಖ್ಯೆ ಬದಲಾಗುತ್ತದೆ. ಹತ್ತಿ ಗಳಿಸಿದ ಎತ್ತರವನ್ನೆಲ್ಲ ಪ್ರತಿ ಸಲ ಕಳೆದುಕೊಳ್ಳುವುದಿದೆಯಲ್ಲ, ದಣಿಸುವುದು ಅದು. ಒಂದೇ ಏರಿನ ದೊಡ್ಡ ಬೆಟ್ಟ ಹತ್ತಿದವರಿಗೂ ಇದು ಹೊಸ ಅನುಭವ.

ಎಷ್ಟು ಹೊತ್ತು ಹಿಡಿಯುತ್ತದೆ?

ಡಾಂಬರು ರಸ್ತೆ ಮುಟ್ಟುವುದಕ್ಕೆ ನಮ್ಮ ಗುಂಪಿಗೆ 8 ರಿಂದ 9 ತಾಸು. ಅಲ್ಲಿಂದ ಕೋಟೆಗೆ ನಡೆದೇ ಹೋಗುವುದಾದರೆ ಇನ್ನೊಂದು ತಾಸಾದರೂ ಇಟ್ಟುಕೊಳ್ಳಿ. ಗಟ್ಟಿ ಹುಡುಗರು 5–6 ತಾಸಿನಲ್ಲಿ ಮುಗಿಸಬಹುದು. ಅವರ ಲೆಕ್ಕ ಹಿಡಿದು ನೀವು ವಾಪಸಿನ ಬಸ್ಸು ಬುಕ್ ಮಾಡಬೇಡಿ.

ಗುಡ್ಡ ನಡೆಯುವವರು ಬಳಸುವ ಒಂದು ಹಳೆ ಲೆಕ್ಕವಿದೆ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಹೇಳಿದ್ದು. ಸಮತಟ್ಟಿನಲ್ಲಿ 5 ಕಿಲೋಮೀಟರಿಗೆ ಒಂದು ತಾಸು, ಮೇಲೆ ಹತ್ತುವ ಪ್ರತಿ 600 ಮೀಟರಿಗೆ ಇನ್ನೊಂದು ತಾಸು. ಅದು ತಂಪು ದೇಶದ ಲೆಕ್ಕ, ಗಟ್ಟಿ ಕಾಲಿನವರ ಲೆಕ್ಕ. ಅದರಲ್ಲಿ ಕೂತು ಉಣ್ಣುವ ಹೊತ್ತಿಲ್ಲ, ನಮ್ಮ ಬಿಸಿಲಿಲ್ಲ, ಹಿಂದೆ ಉಳಿದವರಿಗೆ ಕಾಯುವ ಹೊತ್ತೂ ಇಲ್ಲ. ಅದಕ್ಕೇ ಏನು ಲೆಕ್ಕ ಬರುತ್ತದೋ ಅದರ ಮೇಲೆ ಅರ್ಧದಷ್ಟು ಸೇರಿಸಿಕೊಳ್ಳುವುದು ನನ್ನ ರೂಢಿ.

ಎಲ್ಲರೂ ರಾತ್ರಿ ಹೋಗುತ್ತಾರೆ. ನೀವ್ಯಾಕೆ ಹಗಲು?

ಹೌದು, ರಾತ್ರಿ ಹೋಗುವವರೇ ಜಾಸ್ತಿ. ಹುಣ್ಣಿಮೆಯ ಆಸುಪಾಸಿನ ಶನಿವಾರ ಗುಡ್ಡದ ಮೇಲೆ ಟಾರ್ಚುಗಳ ಸಾಲೇ ಕಾಣುತ್ತದೆ. ರಾತ್ರಿ ತಂಪು, ನೀರು ಕಡಿಮೆ ಸಾಕು, ಬಲಗಡೆ ಪುಣೆ ಊರಿನ ದೀಪಗಳು ಹರಡಿಕೊಂಡಿರುತ್ತವೆ. ಆ ಚೆಂದವನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಈ ದಾರಿಯ ಕಷ್ಟವೆಲ್ಲ ಇಳಿಜಾರಿನಲ್ಲಿದೆ. ಕತ್ತಲಲ್ಲಿ ಟಾರ್ಚಿನ ಬೆಳಕು ಕಾಲ ಮುಂದಿನ ನಾಲ್ಕು ಹೆಜ್ಜೆ ತೋರಿಸುತ್ತದೆ. ಇಳಿಜಾರು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದು ಕಾಣುವುದಿಲ್ಲ. ತಪ್ಪು ಬೆನ್ನು ಹಿಡಿದು ಇಳಿದರೆ ಗೊತ್ತಾಗುವಷ್ಟರಲ್ಲಿ ಅರ್ಧ ತಾಸು ಹೋಗಿರುತ್ತದೆ. ಮೊದಲ ಸಲ ಬರುವವರು, ಮಕ್ಕಳು, ಐವತ್ತು ದಾಟಿದವರು ಇದ್ದರೆ ಹಗಲೇ ಸರಿ. ಬೆಳಗಿನ ಜಾವ ಹೊರಟು ಮೊದಲ ಏರು ಮಾತ್ರ ಟಾರ್ಚಿನಲ್ಲಿ ಹತ್ತುತ್ತೇವೆ. ಎರಡನೆಯ ಗುಡ್ಡದ ಹೊತ್ತಿಗೆ ಬೆನ್ನ ಹಿಂದೆ ಬೆಳಕು ಹರಿದಿರುತ್ತದೆ.

ಇನ್ನೊಂದು ಕಾರಣವೂ ಇದೆ. ಹಗಲಿನಲ್ಲಿ ಈ ಸಾಲು ಪೂರ್ತಿ ಕಾಣುತ್ತದೆ. ಎಡಕ್ಕೆ ಖೇಡ್ ಶಿವಾಪುರದ ಕಡೆಯ ಹೊಲಗಳು, ಬಲಕ್ಕೆ ಪುಣೆ, ಮುಂದೆ ಬಲಗಡೆ ಖಡಕವಾಸಲಾದ ನೀರು. ಕಾತ್ರಜ್ ಹೊಸ ಸುರಂಗ ದಾಟಿ ಹೋಗುವ ಹೆದ್ದಾರಿ ಕೆಳಗೆ ಕಾಣುತ್ತದೆ. ನಾವೆಲ್ಲ ಊರಿಗೆ ಹೋಗುವ ದಾರಿ ಅದೇ ಅಲ್ವಾ? ಕೊಲ್ಹಾಪುರ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ. ಎಷ್ಟೋ ವರ್ಷ ಬಸ್ಸಿನ ಕಿಟಕಿಯಿಂದ ನಿದ್ದೆಗಣ್ಣಿನಲ್ಲಿ ಆ ಗುಡ್ಡ ನೋಡಿದ್ದೆ. ಮೊದಲ ಸಲ ಗುಡ್ಡದ ಮೇಲಿಂದ ಬಸ್ಸು ನೋಡಿದಾಗ ಸುಮ್ನೆ ಹತ್ತು ನಿಮಿಷ ಕೂತುಬಿಟ್ಟಿದ್ದೆ.

ಯಾವ ತಿಂಗಳು ಒಳ್ಳೆಯದು?

ನವೆಂಬರ್‌ನಿಂದ ಫೆಬ್ರವರಿ ನಡುವಿನವರೆಗೆ. ಸೆಪ್ಟೆಂಬರ್ ಕೊನೆಯಲ್ಲಿ ಗುಡ್ಡ ಅತಿ ಚೆಂದ. ಹುಲ್ಲು ಹಸಿರಾಗಿರುತ್ತದೆ, ಸೋನಕಿ ಅನ್ನುವ ಹಳದಿ ಹೂ ಇಡೀ ಇಳಿಜಾರು ತುಂಬಿರುತ್ತದೆ. ಆದರೆ ಆಗಿನ್ನೂ ಮಳೆ ಪೂರ್ತಿ ಹೋಗಿರುವುದಿಲ್ಲ. ಅಕ್ಟೋಬರ್ ಸಂಜೆಗಳಲ್ಲಿ ಗುಡುಗು ಸಿಡಿಲು ಬರುತ್ತದೆ, ಬೋಳು ಗುಡ್ಡದ ನೆತ್ತಿಯ ಮೇಲೆ ನಿಲ್ಲುವ ಹೊತ್ತಲ್ಲ ಅದು. ಅಕ್ಟೋಬರ್ ಬಿಸಿಲೂ ಸುಡುತ್ತದೆ.

ಜೂನ್‌ನಿಂದ ಆಗಸ್ಟ್‌ವರೆಗೆ ಮಂಜು. ಹತ್ತು ಮಾರು ಮುಂದಿರುವವರು ಕಾಣುವುದಿಲ್ಲ. ಕೆಸರಿನ ಇಳಿಜಾರಿನಲ್ಲಿ ಕೂತುಕೊಂಡೇ ಜಾರಬೇಕಾಗುತ್ತದೆ. ಸಿಂಹಗಡದ ಘಾಟ್ ರಸ್ತೆಯಲ್ಲೂ ಮಳೆಗಾಲದಲ್ಲಿ ಕಲ್ಲು ಮಣ್ಣು ಕುಸಿದು ರಸ್ತೆ ಮುಚ್ಚುವುದುಂಟು. ಮಾರ್ಚ್ ಆದಮೇಲೆ ಹುಲ್ಲು ಒಣಗಿ, ನೆರಳಿಲ್ಲದೆ, ಬಂಡೆ ಕಾದು ನಿಲ್ಲುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಕವಳಿ ಹಣ್ಣು ಬೇಕೆಂದರೆ ಸಿಂಹಗಡಕ್ಕೆ ಬೆಳಿಗ್ಗೆ ಹೋಗಿ ಬನ್ನಿ. ಅಲ್ಲಿ ಎಲೆಯ ದೊನ್ನೆಯಲ್ಲಿ ಮಾರುತ್ತಾರೆ. ಅದಕ್ಕಾಗಿ ಈ ದಾರಿ ನಡೆಯುವುದು ಬೇಡ.

ಶುರು ಮಾಡುವ ಜಾಗಕ್ಕೆ ತಲುಪುವುದು ಹೇಗೆ?

ಸ್ವಾರಗೇಟ್‌ನಿಂದ ಕಾತ್ರಜ್‌ವರೆಗೆ ಸಿಟಿ ಬಸ್ಸು ಬೇಕಾದಷ್ಟಿವೆ. ಅಲ್ಲಿಂದ ಹಳೆ ಸುರಂಗಕ್ಕೆ ಘಾಟ್ ಹತ್ತಬೇಕು. ಬೆಳಗಿನ ಜಾವ ರಿಕ್ಷಾ ಅಥವಾ ಕ್ಯಾಬ್ ಸುಲಭ. ಚಾಲಕರಿಗೆ 'ಹೊಸ ಬೋಗದಾ ಅಲ್ಲ, ಜುನಾ ಬೋಗದಾ' ಅಂತ ಎರಡು ಸಲ ಹೇಳಿ. ಹೊಸ ಸುರಂಗದ ಕಡೆ ಒಯ್ದುಬಿಟ್ಟರೆ ಹೆದ್ದಾರಿಯಲ್ಲಿ ಸಿಕ್ಕಿಕೊಳ್ಳುತ್ತೀರಿ. ಸ್ವಂತ ಗಾಡಿ ತರಬೇಡಿ. ನೀವು ಮುಗಿಸುವುದು ಬೇರೆ ಕಡೆ, ಗಾಡಿ ಇರುವುದು ಬೇರೆ ಕಡೆ.

ಮುಂಬೈಯವರು ಹಿಂದಿನ ದಿನ ಸಂಜೆಯ ರೈಲಿಗೇ ಬಂದು ಪುಣೆಯಲ್ಲಿ ಮಲಗಿ. ರಾತ್ರಿಯೆಲ್ಲ ಪ್ರಯಾಣ ಮಾಡಿ ನಿದ್ದೆಗೆಟ್ಟು ನೇರ ಗುಡ್ಡಕ್ಕೆ ಬಂದವರೇ ಹತ್ತು ಗಂಟೆಯ ಬಿಸಿಲಿಗೆ ಕುಸಿದು ಕೂರುವುದನ್ನು ನೋಡಿದ್ದೇನೆ. ನಮ್ಮ ಗುಂಪಿನಲ್ಲಿ ಯಾರದ್ದಾದರೂ ಮನೆಯಲ್ಲಿ ಹಾಸಿಗೆ ಸಿಕ್ಕೇ ಸಿಗುತ್ತದೆ, ಸಂಕೋಚ ಬೇಡ.

ಎಷ್ಟು ಗಂಟೆಗೆ ಹೊರಡಬೇಕು?

ಬೆಳಿಗ್ಗೆ 5:30ಕ್ಕೆ ಸುರಂಗದ ಹತ್ತಿರ ನಡಿಗೆ ಶುರುವಾಗಿರಬೇಕು. ಡಿಸೆಂಬರಿನಲ್ಲಿ ಪುಣೆಗೆ ಸೂರ್ಯ ಬರುವುದು 7ರ ಸುಮಾರಿಗೆ, ಮುಳುಗುವುದು 6ಕ್ಕೆ. ಬಿಸಿಲು ಏರುವ ಮೊದಲೇ ನಾಲ್ಕೈದು ಗುಡ್ಡ ಮುಗಿದಿರಬೇಕು. ನಾವು ಪಶ್ಚಿಮಕ್ಕೆ ನಡೆಯುವುದರಿಂದ ಬೆಳಗಿನ ಬಿಸಿಲು ಬೆನ್ನಿಗೆ, ಮಧ್ಯಾಹ್ನದ ಮೇಲಿನ ಬಿಸಿಲು ಮುಖಕ್ಕೆ. ಮುಖಕ್ಕೆ ಬಿಸಿಲು ಹೊಡೆಯುವ ಹೊತ್ತಿಗೆ ಕೊನೆಯ ಗುಡ್ಡಗಳಲ್ಲಿ ಇರಬೇಕು ಅನ್ನುವುದೇ ನಮ್ಮ ಲೆಕ್ಕ.

ದಾರಿಯಲ್ಲಿ ನೀರು ಸಿಗುತ್ತದಾ?

ಇಲ್ಲ. ಸಿಗುವುದಿಲ್ಲ ಅಂತಲೇ ತಿಳಿದು ಬನ್ನಿ. ಒಬ್ಬರಿಗೆ 4 ಲೀಟರ್. ಅದು 4 ಕಿಲೋ ಭಾರ, ನನಗೂ ಗೊತ್ತು. ನಾನು ಈ ಒಂದು ವಿಷಯದಲ್ಲಿ ಯಾರ ಮಾತೂ ಕೇಳುವುದಿಲ್ಲ. ಸುರಂಗದ ಹತ್ತಿರ ಎಲ್ಲರ ಬ್ಯಾಗು ತೆರೆಸಿ ಬಾಟಲಿ ಎಣಿಸುತ್ತೇನೆ. ಕಡಿಮೆ ಇದ್ದವರು ಬರುವುದಿಲ್ಲ. ಒಬ್ಬರ ನೀರು ಮುಗಿದರೆ ಉಳಿದವರ ನೀರು ಹಂಚಿಕೆಯಾಗುತ್ತದೆ, ಆಮೇಲೆ ಎಲ್ಲರದ್ದೂ ಮುಗಿಯುತ್ತದೆ.

ಬಾಯಾರಿದಾಗ ಗಟಗಟ ಕುಡಿಯಬೇಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು. ಬರೀ ನೀರೇ ಕುಡಿಯುತ್ತಾ ಹೋದರೂ ತೊಂದರೆ. ಬೆವರಿನ ಜೊತೆ ಉಪ್ಪು ಹೋಗಿರುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ, ತಲೆ ಸುತ್ತುತ್ತದೆ. ಒಂದು ಲೀಟರ್ ಬಾಟಲಿಗೆ ಒಆರ್‌ಎಸ್‌ನ ದೊಡ್ಡ ಪಾಕೀಟು ಪೂರ್ತಿ ಹಾಕಿ. ಅರ್ಧ ಬಾಟಲಿಗೆ ಪೂರ್ತಿ ಪಾಕೀಟು ಹಾಕುವುದು ತಪ್ಪು. ಲಿಂಬೆಹಣ್ಣು, ಉಪ್ಪು, ಸಕ್ಕರೆಯ ಪಾನಕವೂ ಆಗುತ್ತದೆ. ಬೆವರು ನಿಂತುಹೋಗಿ ಮೈ ಸುಡುತ್ತಿದ್ದರೆ, ಮಾತು ತೊದಲುತ್ತಿದ್ದರೆ ಅದು ಬರೀ ದಣಿವಲ್ಲ. ತಕ್ಷಣ ಇದ್ದಷ್ಟು ನೆರಳು ಮಾಡಿ, ತಲೆ ಕುತ್ತಿಗೆ ಕಂಕುಳಿಗೆ ನೀರು ಹಚ್ಚಿ ಗಾಳಿ ಹಾಕಿ, ಸಹಾಯಕ್ಕೆ ಫೋನ್ ಮಾಡಿ.

ಊಟಕ್ಕೆ ಏನು ಕಟ್ಟಿಕೊಳ್ಳಬೇಕು?

ಕೆಡದೇ ಇರುವಂಥದ್ದು, ಒಂದು ಕೈಯಲ್ಲಿ ತಿನ್ನುವಂಥದ್ದು. ನಮ್ಮವರ ಡಬ್ಬಿಯೇ ಇದಕ್ಕೆ ಸರಿ. ಚಪಾತಿಗೆ ಶೇಂಗಾ ಚಟ್ನಿ ತುಪ್ಪ ಸವರಿ ಸುರುಳಿ ಮಾಡಿ. ಶೇಂಗಾ ಹೋಳಿಗೆ ಅಂತೂ ಈ ಗುಡ್ಡಕ್ಕಾಗಿಯೇ ಹುಟ್ಟಿದ್ದು ಅನ್ನಿಸುತ್ತದೆ, ಬೆಲ್ಲ ಶೇಂಗಾ ಎರಡೂ ಇದೆ, ನಾಲ್ಕು ದಿನ ಕೆಡುವುದಿಲ್ಲ. ಖರ್ಜೂರ, ಚಿಕ್ಕಿ, ಕಿತ್ತಳೆ. ಕಟಕ ರೊಟ್ಟಿ ತಂದರೆ ನೀರು ಜಾಸ್ತಿ ಬೇಕಾಗುತ್ತದೆ. ಬಾಳೆಹಣ್ಣು ಬ್ಯಾಗಿನ ಮೇಲ್ಗಡೆ ಇಡಿ. ಅನ್ನ, ಮೊಸರನ್ನ ಬೇಡ. ಹೊಟ್ಟೆ ಭಾರವಾಗಿ ಮುಂದಿನ ಏರಿನಲ್ಲಿ ಉಸಿರು ಸಿಕ್ಕಿಕೊಳ್ಳುತ್ತದೆ.

ಒಮ್ಮೆಲೇ ಊಟ ಮಾಡುವ ಬದಲು ಎರಡು ಗುಡ್ಡಕ್ಕೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ. ಸಿಪ್ಪೆ, ಪ್ಲಾಸ್ಟಿಕ್ಕು, ಎಲ್ಲ ವಾಪಸು ನಿಮ್ಮ ಬ್ಯಾಗಿನಲ್ಲೇ. ಕಿತ್ತಳೆ ಸಿಪ್ಪೆ ಕೊಳೆಯುತ್ತದೆ ಬಿಡಿ ಅನ್ನಬೇಡಿ. ಈ ಒಣ ಗುಡ್ಡದಲ್ಲಿ ಅದು ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತದೆ.

ಎಂಥ ಶೂ ಬೇಕು? ಜಾಗಿಂಗ್ ಶೂ ನಡೆಯುತ್ತಾ?

ಅಡಿಯಲ್ಲಿ ಆಳವಾದ ಹಲ್ಲುಗಳಿರುವ ಶೂ ಬೇಕು. ಜಿಮ್ಮಿನ ನುಣುಪು ಅಡಿಯ ಶೂ ಬೇಡವೇ ಬೇಡ. ಬೆರಳು ಮತ್ತು ಶೂ ನಡುವೆ ಅರ್ಧ ಬೆರಳಷ್ಟು ಜಾಗ ಇರಲಿ, ಇಳಿಯುವಾಗ ಉಗುರು ಮುಂದೆ ತಾಗಿ ಕಪ್ಪಾಗುತ್ತದೆ. ಹೊಸ ಶೂ ಅಂದೇ ಹಾಕಿಕೊಂಡು ಬರಬೇಡಿ. ಎರಡು ವಾರ ಊರಲ್ಲಿ ಹಾಕಿ ತಿರುಗಾಡಿ.

ತುಂಬಾ ದಿನ ಪೆಟ್ಟಿಗೆಯಲ್ಲಿ ಇಟ್ಟ ಶೂ ಇನ್ನೂ ಅಪಾಯ. ಅಂಟು ಒಣಗಿರುತ್ತದೆ. ಒಂದು ವರ್ಷ ಐದನೆಯ ಗುಡ್ಡದ ಇಳಿಜಾರಿನಲ್ಲಿ ನನ್ನ ಬಲಗಾಲಿನ ಅಡಿ ಹಿಮ್ಮಡಿಯಿಂದ ಬಿಚ್ಚಿಕೊಂಡಿತು. ಪ್ರತಿ ಹೆಜ್ಜೆಗೂ ನಾಯಿಯ ನಾಲಿಗೆಯ ಹಾಗೆ ಜೋತು ಬೀಳುತ್ತಿತ್ತು, ಒಳಗೆ ಗರಸು ತುಂಬಿಕೊಳ್ಳುತ್ತಿತ್ತು. ಡೊಂಬಿವಲಿಯ ಕಾಕು ತಮ್ಮ ಪೈಜಾಮದ ಒಂದು ಬದಲಿ ಲಾಡಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದರು. ಅದನ್ನು ಅಡಿಯ ಕೆಳಗೆ ಎರಡು ಸುತ್ತು ಹಾಕಿ, ಹಿಮ್ಮಡಿಯ ಹಿಂದೆ ಅಡ್ಡ ಹಾಯಿಸಿ, ಗಿಣ್ಣಿನ ಮೇಲೆ ಗಂಟು ಹಾಕಿದರು. ಗಂಟು ಬಿಗಿಯುವ ಮೊದಲು "ಕಾಲು ಒತ್ತಿ ನಿಲ್ಲು ತಮ್ಮಾ" ಅಂದರು. ಹಾಗೆ ಒತ್ತಿ ನಿಂತು ಕಟ್ಟಿದ್ದಕ್ಕೇ ಅದು ಕೊನೆವರೆಗೂ ಸಡಿಲವಾಗಲಿಲ್ಲ. ಅಂದಿನಿಂದ ಎರಡು ಮೀಟರ್ ಗಟ್ಟಿ ಲಾಡಿ ನಮ್ಮ ಸಾಮಾನಿನ ಪಟ್ಟಿಯಲ್ಲಿದೆ.

ಇಳಿಜಾರು ಅಷ್ಟೊಂದು ಜಾರುತ್ತದೆ ಅನ್ನುತ್ತಾರೆ. ಯಾಕೆ? ಇಳಿಯುವುದು ಹೇಗೆ?

ಈ ಗುಡ್ಡಗಳೆಲ್ಲ ಲಾವಾ ಕಲ್ಲು. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಬಿರಿದು ಲಾವಾ ಹರಿದು, ಒಂದರ ಮೇಲೊಂದು ಪದರವಾಗಿ ಆರಿ ನಿಂತಿತು. ದಖ್ಖನಿನ ಬಸಾಲ್ಟ್ ಅಂದರೆ ಅದೇ. ಗಟ್ಟಿ ಪದರ ಕಪ್ಪು ಮೆಟ್ಟಿಲ ಹಾಗೆ ಉಳಿಯುತ್ತದೆ. ನಡುವಿನ ಮೆತ್ತನೆಯ, ತೂತು ತೂತಾದ ಪದರ ಬೇಗ ಸವೆದು ಪುಡಿಯಾಗುತ್ತದೆ. ಆ ಪುಡಿಯೇ ಗರಸು. ಗಟ್ಟಿ ನೆಲದ ಮೇಲೆ ಜೋಳದ ಕಾಳು ಚೆಲ್ಲಿದ ಹಾಗೆ ಅದು ಕಾಲ ಕೆಳಗೆ ಉರುಳುತ್ತದೆ. ಮರಾಠಿಯಲ್ಲಿ ಇದಕ್ಕೆ 'ಘಸಾರಾ' ಅನ್ನುತ್ತಾರೆ. ಮಳೆ ನಿಂತು ಮಣ್ಣು ಒಣಗಿದ ಮೇಲೆ ಇದು ಜಾಸ್ತಿ.

ಹೆದರಿಕೆಯಾದಾಗ ಎಲ್ಲರೂ ಹಿಂದಕ್ಕೆ ವಾಲುತ್ತಾರೆ. ಹಿಂದಕ್ಕೆ ವಾಲಿದರೆ ಭಾರ ಹಿಮ್ಮಡಿಯ ಅಂಚಿಗೆ ಬೀಳುತ್ತದೆ, ಕಾಲು ಮುಂದಕ್ಕೆ ಓಡುತ್ತದೆ. ಮೊಳಕಾಲು ಸ್ವಲ್ಪ ಬಗ್ಗಿಸಿ, ಮೈ ಕಾಲ ಮೇಲೇ ಇರಲಿ. ಅಡ್ಡಡ್ಡ ನಿಂತು ಪಾದದ ಪಕ್ಕ ಊರಿ ಇಳಿಯಿರಿ. ಹೆಜ್ಜೆ ಚಿಕ್ಕದು. ಮುಂದಿನ ಕಾಲು ನಿಂತಿತು ಅಂತ ಗೊತ್ತಾದ ಮೇಲೇ ಹಿಂದಿನ ಕಾಲು ಎತ್ತಿ. ಹುಲ್ಲು ಹಿಡಿಯಬೇಡಿ, ಬೇರು ಸಮೇತ ಕೈಗೆ ಬರುತ್ತದೆ. ಒಂದು ಕೋಲು ಇದ್ದರೆ ಮೊಳಕಾಲಿನ ಭಾರ ಕಡಿಮೆಯಾಗುತ್ತದೆ. ಮುಖ್ಯ ಮಾತು: ಒಬ್ಬರ ನೆತ್ತಿಯ ಮೇಲೆ ಇನ್ನೊಬ್ಬರು ಇಳಿಯಬಾರದು. ಮೇಲಿನವರ ಕಾಲಿನಿಂದ ಕಲ್ಲು ಉರುಳಿದರೆ ಜೋರಾಗಿ "ಕಲ್ಲು!" ಅಂತ ಕೂಗಬೇಕು. ಬೇರೆ ಗುಂಪಿನವರೂ ಇರುತ್ತಾರೆ, "ದಗಡ!" ಅಂತಲೂ ಕೂಗಿ.

ದಾರಿ ತಪ್ಪುವುದಿಲ್ಲವಾ?

ತಪ್ಪುತ್ತದೆ, ಹಗಲಲ್ಲೂ. ಸಿಂಹಗಡದ ಮೇಲೆ ಟಿವಿ ಟವರ್ ಇದೆ. ಮಂಜಿಲ್ಲದ ದಿನ ಗುಡ್ಡದ ನೆತ್ತಿಗಳಿಂದ ಅದು ಕಾಣುತ್ತದೆ. ಆ ಟವರನ್ನು ಮುಂದೆ ಇಟ್ಟುಕೊಂಡು, ಪುಣೆ ಬಲಕ್ಕೆ ಇರುವ ಹಾಗೆ, ಬೆನ್ನು ಬಿಡದೆ ನಡೆಯಬೇಕು. ಮೋಸ ಮಾಡುವುದು ಪಕ್ಕಕ್ಕೆ ಇಳಿಯುವ ಬೆನ್ನುಗಳು. ಮರಾಠಿಯಲ್ಲಿ 'ಸೋಂಡ' ಅನ್ನುತ್ತಾರೆ, ಸೊಂಡಿಲು. ಸವೆದ ದನದ ಹಾದಿ ನೋಡಿ ಅದರಲ್ಲೇ ಇಳಿದುಬಿಡುತ್ತೇವೆ. ಹತ್ತು ನಿಮಿಷ ಇಳಿದರೂ ಎದುರಿಗೆ ಮುಂದಿನ ಗುಡ್ಡ ಕಾಣದಿದ್ದರೆ ನಿಲ್ಲಿ. ವಾಪಸು ನೆತ್ತಿಗೆ ಹತ್ತಿ. ಅಡ್ಡ ದಾರಿ ಹುಡುಕುತ್ತಾ ಇಳಿಜಾರಿನಲ್ಲೇ ಪಕ್ಕಕ್ಕೆ ಹೋಗಬೇಡಿ.

ಫೋನಿನಲ್ಲಿ ನಕ್ಷೆ ಮೊದಲೇ ಇಳಿಸಿಕೊಳ್ಳಿ. ನೆತ್ತಿಗಳಲ್ಲಿ ನೆಟ್‌ವರ್ಕ್ ಸಿಗುತ್ತದೆ, ಎರಡು ಗುಡ್ಡದ ನಡುವಿನ ತಗ್ಗಿನಲ್ಲಿ ಹೋಗುತ್ತದೆ. ಪವರ್ ಬ್ಯಾಂಕ್ ಬೇಕು. ಮನೆಯಲ್ಲಿ ಒಬ್ಬರಿಗೆ ನಾವು ಯಾವ ದಾರಿ, ಯಾರ್ಯಾರು, ಎಷ್ಟು ಗಂಟೆಗೆ ಮುಗಿಸುತ್ತೇವೆ ಅಂತ ಬರೆದು ಕೊಟ್ಟಿರಬೇಕು.

ದನ ಕಾಯುವವರು ಸಿಕ್ಕರೆ ಕೇಳುವುದಕ್ಕೆ ನಾಲ್ಕು ಮರಾಠಿ ಮಾತು ಸಾಕು. "ದಾದಾ, ಸಿಂಹಗಡಾಚೀ ವಾಟ ಕುಠೂನ್?" ವಾಟ ಅಂದರೆ ಕಾಲುದಾರಿ. ಉತ್ತರದಲ್ಲಿ 'ಡಾವೀಕಡೇ' ಅಂದರೆ ಎಡಕ್ಕೆ, 'ಉಜವೀಕಡೇ' ಅಂದರೆ ಬಲಕ್ಕೆ. 'ಖಿಂಡ' ಅಂದರೆ ಎರಡು ಗುಡ್ಡದ ನಡುವಿನ ತಗ್ಗು.

ನಡುವೆ ಆಗುವುದೇ ಇಲ್ಲ ಅನ್ನಿಸಿದರೆ?

ಅದನ್ನು ಮೂರನೆಯ ಗುಡ್ಡದಲ್ಲೇ ಹೇಳಿ. ದಯವಿಟ್ಟು ಒಂಬತ್ತನೆಯದರಲ್ಲಿ ಹೇಳಬೇಡಿ. ಅರ್ಧಕ್ಕಿಂತ ಮೊದಲಾದರೆ ಬಂದ ದಾರಿಯಲ್ಲೇ ವಾಪಸು ಹೋಗುವುದು ಸುರಕ್ಷಿತ, ಅದು ಗೊತ್ತಿರುವ ದಾರಿ. ಜೊತೆಗೆ ಇಬ್ಬರು ಬರುತ್ತಾರೆ, ಯಾರೂ ಮುಖ ಸಿಂಡರಿಸುವುದಿಲ್ಲ. ಅರ್ಧ ದಾಟಿದ ಮೇಲೆ ಕೆಲವು ಖಿಂಡಗಳಲ್ಲಿ ಊರಿನವರ ಕಾಲುದಾರಿ ಅಡ್ಡ ಸಿಗುತ್ತದೆ. ಸ್ಥಳೀಯರನ್ನು ಕೇಳಿಯೇ ಅದರಲ್ಲಿ ಇಳಿಯಬೇಕು.

ನಾವು ಇದರಲ್ಲಿ ಇಷ್ಟು ಗಟ್ಟಿ ಯಾಕೆ ಅಂದರೆ ಒಂದು ಹಳೆ ನೆನಪಿದೆ. ಪುಣೆಗೆ ಹೊಸದಾಗಿ ಬಂದಾಗ ದುಡ್ಡು ಕಟ್ಟಿ ಒಂದು ಟ್ರೆಕ್ಕಿಂಗ್ ಗುಂಪಿನ ಜೊತೆ ಬಂದಿದ್ದೆ. ಅರವತ್ತು ಜನ, ಮುಂದೆ ಒಬ್ಬ ಲೀಡರ್, ಹಿಂದೆ ಯಾರೂ ಇಲ್ಲ. ವಿಜಯಪುರದ ಒಬ್ಬ ಹುಡುಗಿಗೆ ಏಳನೆಯ ಗುಡ್ಡದಲ್ಲಿ ಎರಡೂ ಮೀನಖಂಡ ಹಿಡಿದುಕೊಂಡವು. ಕನ್ನಡದಲ್ಲಿ "ಅವ್ವಾ" ಅಂದದ್ದು ಕೇಳಿ ನಾನು ತಿರುಗಿ ನೋಡಿದೆ. ಮುಂದಿನವರ ಟಾರ್ಚುಗಳು ಆಗಲೇ ಎರಡು ಗುಡ್ಡ ಆಚೆ. ನಾನು, ಆಕೆ, ಇನ್ನೊಬ್ಬ ಹುಡುಗ, ಮೂರೇ ಜನ. ಬೆಳಗಾಗುವವರೆಗೆ ಅಲ್ಲೇ ಕೂತಿದ್ದೆವು. ಆಕೆಯ ಕಾಲು ತಿಕ್ಕುತ್ತಾ, ಇದ್ದ ಒಂದು ಬಾಟಲಿ ನೀರಿಗೆ ಉಪ್ಪು ಹಾಕಿ ಗುಟುಕು ಗುಟುಕು ಕುಡಿಸುತ್ತಾ. ಕೆಳಗೆ ಹೆದ್ದಾರಿಯಲ್ಲಿ ಲಾರಿಗಳ ದೀಪ ಸಾಗುತ್ತಲೇ ಇತ್ತು. ಎಣಿಕೆ ಮಾಡಿದಾಗಲೂ ನಾವು ಮೂವರು ಕಡಿಮೆ ಅಂತ ಯಾರಿಗೂ ಗೊತ್ತಾಗಿರಲಿಲ್ಲ.

ನಮ್ಮ ಗುಂಪು ಹುಟ್ಟಿದ್ದು ಆಮೇಲೆ. ಹದಿನೈದಕ್ಕಿಂತ ಜಾಸ್ತಿ ಜನ ಇಲ್ಲ. ಎಲ್ಲರಿಗಿಂತ ನಿಧಾನ ನಡೆಯುವವರು ಮುಂದಿನಿಂದ ಎರಡನೆಯವರಾಗಿ ನಡೆಯುತ್ತಾರೆ. ದಾರಿ ಗೊತ್ತಿರುವ ಒಬ್ಬರು ಕೊನೆಯಲ್ಲಿ ಇರುತ್ತಾರೆ, ಅವರು ಯಾರನ್ನೂ ದಾಟುವಂತಿಲ್ಲ. ಪ್ರತಿ ನೆತ್ತಿಯಲ್ಲಿ ತಲೆ ಎಣಿಕೆ. ಮೊದಲು ಬಂದವರು ಐದು ನಿಮಿಷ ಕೂತಿದ್ದರೆ ಕೊನೆಗೆ ಬಂದವರಿಗೂ ಪೂರ್ತಿ ಐದು ನಿಮಿಷ ಸಿಗಬೇಕು. ಅವರು ಬಂದ ಕೂಡಲೇ "ನಡೀರಿ" ಅಂತ ಏಳುವುದು ತುಂಬ ಕ್ರೂರ. ಎಷ್ಟೋ ಗುಂಪುಗಳಲ್ಲಿ ಇದೇ ನಡೆಯುತ್ತದೆ.

ನನಗೆ ಅಭ್ಯಾಸ ಇಲ್ಲ. ತಯಾರಿ ಹೇಗೆ?

ಒಂದು ತಿಂಗಳು ಕೊಡಿ. ಪರ್ವತಿಗೆ 103 ಮೆಟ್ಟಿಲು, ವಾರಕ್ಕೆ ಮೂರು ದಿನ, ಹತ್ತಿ ಇಳಿದು ಐದಾರು ಸಲ. ಭಾನುವಾರ ತಳಜಾಯಿ ಅಥವಾ ವೇತಾಳ ಟೇಕಡಿ. ಕೊನೆಗೆ ಕೋಟೆಯ ಬುಡದ ಆತಕರವಾಡಿಯಿಂದ ಸಿಂಹಗಡ ಹತ್ತಿ ಕಾಲ್ನಡಿಗೆಯಲ್ಲೇ ಇಳಿಯಿರಿ, ಬೆನ್ನಿಗೆ 4 ಲೀಟರ್ ನೀರು ಹೊತ್ತುಕೊಂಡು. ಮರುದಿನ ಮನೆಯ ಮೆಟ್ಟಿಲು ಇಳಿಯುವಾಗ ತೊಡೆ ನಡುಗದಿದ್ದರೆ ನೀವು ತಯಾರು. ಮುಂಬೈಯವರಿಗೆ ಬೋರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿ ಕಾನ್ಹೇರಿ ಗುಹೆಗಳವರೆಗಿನ ರಸ್ತೆ, ಪನವೇಲ್ ಹತ್ತಿರದ ಕರ್ನಾಳಾ ಒಳ್ಳೆಯ ಅಭ್ಯಾಸ.

ಮಕ್ಕಳಿಗೂ ಇದೇ ಪರೀಕ್ಷೆ. ಹನ್ನೆರಡರ ಒಳಗಿನವರನ್ನು ನಾವು ಕರೆದುಕೊಂಡು ಹೋಗುವುದಿಲ್ಲ. ಬಿಪಿ, ಶುಗರ್, ಉಬ್ಬಸ ಇದ್ದವರು ಡಾಕ್ಟರನ್ನು ಕೇಳಿ, ಮಾತ್ರೆ ಎಲ್ಲಿದೆ ಅಂತ ಜೊತೆಗಾರರಿಗೂ ಹೇಳಿ.

ಹೆಂಗಸರಿಗೆ ಶೌಚಕ್ಕೆ ವ್ಯವಸ್ಥೆ ಇದೆಯಾ?

ದಾರಿಯಲ್ಲಿ ಇಲ್ಲ, ಮರೆಗೆ ಮರವೂ ಕಡಿಮೆ. ಕೋಟೆಗೆ ಬರುವವರೆಗೆ ಇದೊಂದು ಕಷ್ಟ. ಇದಕ್ಕೆ ಹೆದರಿ ನೀರು ಕುಡಿಯದೇ ಇರುವವರಿದ್ದಾರೆ, ಅದು ಅಪಾಯ. ನಮ್ಮಲ್ಲಿ ಗುಂಪಿನ ಹೆಂಗಸರೇ ಒಂದು ದೊಡ್ಡ ದುಪ್ಪಟ್ಟಾ ಹಿಡಿದು ಮರೆ ಮಾಡುತ್ತಾರೆ. ಪ್ರತಿ ಎರಡು ಗುಡ್ಡಕ್ಕೊಮ್ಮೆ ಗಂಡಸರು ಮುಂದಿನ ತಿರುವಿಗೆ ಹೋಗಿ ನಿಲ್ಲುತ್ತಾರೆ, ಯಾರೂ ಬಾಯಿಬಿಟ್ಟು ಕೇಳಬೇಕಾಗಿಲ್ಲ. ಪ್ಯಾಡು, ಟಿಶ್ಯೂ ಜಿಪ್ ಚೀಲದಲ್ಲಿ ಹಾಕಿ ವಾಪಸು ತನ್ನಿ.

ಹಾವು, ಚಿರತೆ, ಜೇನು?

ಸಿಂಹಗಡದ ಸುತ್ತ ಚಿರತೆ ಇದೆ. ಗುಂಪಾಗಿ ಮಾತಾಡುತ್ತಾ ನಡೆದರೆ ಅದು ದೂರವೇ ಉಳಿಯುತ್ತದೆ. ಹಾವಿನ ಭಯಕ್ಕೆ ಕಲ್ಲು ಎತ್ತುವ ಮೊದಲು, ಹುಲ್ಲಿನಲ್ಲಿ ಕೂರುವ ಮೊದಲು ಕೋಲಿನಿಂದ ತಟ್ಟಿ. ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಾಲು ಅಲ್ಲಾಡದ ಹಾಗೆ ಕೋಲು ಕಟ್ಟಿ ಮಲಗಿಸಿ, ಉಂಗುರ ಗೆಜ್ಜೆ ತೆಗೆಯಿರಿ, 108ಕ್ಕೋ 112ಕ್ಕೋ ಫೋನ್ ಮಾಡಿ. ನಾಗರ, ಕಡಂಬಳ, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ ಔಷಧಿ ಆಸ್ಪತ್ರೆಯಲ್ಲಿ ಕೊಡುತ್ತಾರೆ. ಹಾವು ಹಿಡಿದು ತರುವ ಸಾಹಸ ಬೇಡ.

ನನಗೆ ನಿಜವಾದ ಭಯ ಹೆಜ್ಜೇನಿನದು. ಕೋಟೆಗಳ ಬಂಡೆಗಳಿಗೆ ಅವು ಗೂಡು ಕಟ್ಟುತ್ತವೆ. ಸೆಂಟು ಹಚ್ಚಿಕೊಂಡು ಬರಬೇಡಿ, ಹೊಗೆ ಮಾಡಬೇಡಿ, ಕೂಗಾಡಬೇಡಿ, ಕಲ್ಲು ಎಸೆಯಬೇಡಿ. ಎದ್ದರೆ ಕೈ ಬೀಸದೆ ಮುಖ ಮುಚ್ಚಿಕೊಂಡು ಬೇಗ ದೂರ ಹೋಗಿ. ಬೀಡಿ ಸಿಗರೇಟು ಪೂರ್ತಿ ನಿಷೇಧ. ಜನವರಿ ಆದಮೇಲೆ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಕಿಡಿಗೆ ಇಡೀ ಇಳಿಜಾರು ಹೋಗುತ್ತದೆ. ಕರಕಲಾದ ಗುಡ್ಡದ ಮೇಲೆ ಒಂದು ಸಲ ನಡೆದಿದ್ದೇನೆ. ಬುಡದಲ್ಲಿ ಸುಟ್ಟ ಮೊಟ್ಟೆಯ ಚಿಪ್ಪು ನೋಡಿದ್ದು ಇನ್ನೂ ಕಣ್ಣ ಮುಂದಿದೆ.

ಡಾಂಬರು ರಸ್ತೆ ಮುಟ್ಟಿದ ಮೇಲೆ ಕೋಟೆಗೆ ಹೋಗಲೇಬೇಕಾ?

ಕಾಲು ಇದ್ದರೆ ಹೋಗಿ. ಇಲ್ಲದಿದ್ದರೆ ಘಾಟ್ ರಸ್ತೆಯಲ್ಲಿ ಶೇರ್ ಜೀಪ್ ಓಡಾಡುತ್ತವೆ. ಮೇಲಕ್ಕೂ ಕೆಳಕ್ಕೂ ಹೋಗಬಹುದು.

ಸಿಂಹಗಡ ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರ. ಹಳೆ ಹೆಸರು ಕೊಂಢಾಣಾ. 1670ರ ಫೆಬ್ರವರಿ 4ರ ರಾತ್ರಿ ಶಿವಾಜಿಯ ಸರದಾರ ತಾನಾಜಿ ಮಾಲುಸರೆ ತನ್ನ ಮಾವಳೆ ಸೈನಿಕರ ಜೊತೆ ಕಡಿದಾದ ಬಂಡೆ ಹತ್ತಿ ಒಳನುಗ್ಗಿದ. ಕೋಟೆ ಸಿಕ್ಕಿತು, ತಾನಾಜಿ ಉಳಿಯಲಿಲ್ಲ. ಹದಿನಾರು ಕಿಲೋಮೀಟರ್ ನಡೆದು ದಣಿದ ಕಾಲಲ್ಲಿ ಆ ಬಂಡೆಯ ಅಂಚಿಗೆ ನಿಂತು ಕೆಳಗೆ ನೋಡಿದರೆ, ಓದಿದ್ದಕ್ಕಿಂತ ಬೇರೆಯೇ ರೀತಿ ತಿಳಿಯುತ್ತದೆ. ಶಿವಾಜಿಯ ಮಗ ರಾಜಾರಾಮ ತೀರಿಕೊಂಡದ್ದೂ ಇಲ್ಲೇ, 1700ರಲ್ಲಿ. ಅವನ ಸಮಾಧಿ ಇದೆ. ತಿಲಕರು ಬೇಸಿಗೆಗೆ ಬಂದು ಇರುತ್ತಿದ್ದ ಬಂಗಲೆಯೂ ಇದೆ.

ಕೋಟೆಯ ಮೇಲೆ ತಿನ್ನಲು ಏನು ಸಿಗುತ್ತದೆ?

ಪಿಠಲ–ಭಾಕರಿ, ಕಾಂದಾ ಭಜಿ, ಬದನೆಕಾಯಿ ಭರೀತ, ಠೇಚಾ. ಪಿಠಲ ಅಂದರೆ ನಮ್ಮ ಕಡೆಯ ಕಡಲೆಹಿಟ್ಟಿನ ಪಿಟ್ಲಾನೇ. ಝುಣಕದ ವಡಿಯ ಹಾಗೆ ಗಟ್ಟಿಯಲ್ಲ, ತೆಳ್ಳಗೆ ಭಾಕರಿಯ ಮೇಲೆ ಸುರಿಯುತ್ತಾರೆ. ಮಣ್ಣಿನ ಸಣ್ಣ ಕುಡಿಕೆಯಲ್ಲಿ ಹೆಪ್ಪು ಹಾಕಿದ ಮೊಸರು ಬಿಡಬೇಡಿ. ಬುಟ್ಟಿ ಇಟ್ಟುಕೊಂಡು ಕೂತ ಮಾವಶಿಯವರನ್ನು ಮಾತಾಡಿಸಿ. ಎಷ್ಟೋ ಜನ ಕೆಳಗಿನ ಊರುಗಳಿಂದ ಕುಡಿಕೆಗಳನ್ನು ತಲೆಯ ಮೇಲೆ ಹೊತ್ತು ಹತ್ತಿ ಬಂದವರು. ಮೇಲಿನ ಕೆನೆ ಚಮಚದಿಂದ ಒಡೆದು, "ಮೀಠ ಕೀ ಸಾಖರ?" ಅಂತ ಕೇಳುತ್ತಾರೆ. ಉಪ್ಪೋ ಸಕ್ಕರೆಯೋ ಅಂತ. ಅಂದು ಉಪ್ಪೇ ಹೇಳಿ, ಮೈಗೆ ಅದೇ ಬೇಕಾಗಿರುತ್ತದೆ. ಚೌಕಾಸಿ ಮಾಡಬೇಡಿ.

ವಾಪಸು ಹೇಗೆ? ಮರುದಿನ ಆಫೀಸಿಗೆ ಹೋಗಬಹುದಾ?

ಕೋಟೆಯಿಂದ ಶೇರ್ ಜೀಪಿನಲ್ಲಿ ಬುಡಕ್ಕೆ, ಅಲ್ಲಿಂದ ಸ್ವಾರಗೇಟ್ ಕಡೆಗೆ ಸಿಟಿ ಬಸ್ಸು. ಪುಣೆ ದರವಾಜಾದಿಂದ ಆತಕರವಾಡಿಗೆ ಕಾಲುದಾರಿಯೂ ಇದೆ, ಆದರೆ ಆ ದಿನ ಮೊಳಕಾಲಿಗೆ ಇನ್ನೊಂದು ಇಳಿಜಾರು ಕೊಡಬೇಡಿ. ಭಾನುವಾರ ಸಂಜೆ ಜೀಪಿಗೂ ಬಸ್ಸಿಗೂ ಜನ ಜಾಸ್ತಿ, 5 ಗಂಟೆಯ ಒಳಗೆ ಇಳಿಯಿರಿ. ಅದಕ್ಕೇ ನಾವು ಸಾಧ್ಯವಾದಷ್ಟು ಶನಿವಾರ ಇಟ್ಟುಕೊಳ್ಳುತ್ತೇವೆ. ಮನೆಗೆ ಹೋಗಿ ಕಾಲನ್ನು ಉಗುರು ಬೆಚ್ಚಗಿನ ನೀರಿನಲ್ಲಿಡಿ. ಗುಳ್ಳೆ ಎದ್ದಿದ್ದರೆ ಒಡೆಯದೆ ಬಿಡಿ. ಭಾನುವಾರ ಅರ್ಧ ತಾಸು ಸಮತಟ್ಟಿನಲ್ಲಿ ನಿಧಾನ ನಡೆದರೆ ಸೋಮವಾರ ಆಫೀಸಿನ ಮೆಟ್ಟಿಲು ಹತ್ತುವಷ್ಟು ಸರಿಯಾಗಿರುತ್ತೀರಿ. ಇಳಿಯುವುದಕ್ಕೆ ಮಂಗಳವಾರದವರೆಗೆ ಲಿಫ್ಟ್ ಬಳಸಿ.